ನಾಲ್ಕು ಬೆರಳಿನ ಪ್ಲೇ

ಜೂನ್ ತಿಂಗಳ ಮೊದಲ ಜೋರು ಮಳೆಯ ಸಂಜೆ, ಮೂಡಿಗೆರೆ ಸಂತೆಯಿಂದ ತೋಟಕ್ಕೆ ಮರಳುತ್ತಿದ್ದ ಜೀಪು ಮೋರಿಯ ಕಟ್ಟೆಗೆ ಒಂದು ಗೇಣು ಇರುವಾಗ ನಿಂತಿತು. ಬ್ರೇಕು ಹಿಡಿದಿತ್ತು, ಟೈರು ಜಾರಿರಲಿಲ್ಲ. ಕೈಕೊಟ್ಟದ್ದು ಸ್ಟೀರಿಂಗು. ಮೊಮ್ಮಗ ಅದನ್ನು ಬಲಕ್ಕೆ ಎಳೆದಿದ್ದ. ಗಾಲಿಗಳು ಬಲಕ್ಕೆ ಹೊರಳಿದ್ದು ಒಂದು ಗಳಿಗೆ ತಡವಾಗಿ. ಅಷ್ಟರಲ್ಲಿ ಮುಂದಿನ ಎಡ ಗಾಲಿ ರಸ್ತೆಯಂಚಿನ ಕೆಸರಿಗೆ ಇಳಿದಾಗಿತ್ತು. ಪಕ್ಕದಲ್ಲಿದ್ದ ಅಜ್ಜಿ ಮಡಿಲಿನ ಕೈಚೀಲವನ್ನು ಅಪ್ಪಿ ಹಿಡಿದುಕೊಂಡರು. ಒಂದು ಮಾತೂ ಆಡಲಿಲ್ಲ.

ಮಾತು ಬಂದದ್ದು ಮುಂದಿನ ತಿರುವಿನಲ್ಲಿ. ತೋಟದ ಗೇಟಿಗೆ ತುಸು ಮೊದಲು ರಸ್ತೆ ಎಡಕ್ಕೆ ಕತ್ತರಿಯ ಹಾಗೆ ಮಡಿಸಿಕೊಳ್ಳುತ್ತಿತ್ತು. ಅಲ್ಲಿ ಜೀಪು ಒಂದೇ ಸಲಕ್ಕೆ ಹೊರಳುತ್ತಿರಲಿಲ್ಲ. ಬರೆಯ ಹತ್ತಿರ ಹೋಗಿ ನಿಂತು, ರಿವರ್ಸ್ ಹಾಕಿ, ಮತ್ತೆ ಎಡಕ್ಕೆ ಎಳೆಯಬೇಕು. ಅವನು ಗೇರು ಬದಲಿಸುವಾಗ ಅಜ್ಜಿ ಮೆಲ್ಲಗೆ ಅಂದರು: “ನಿಮ್ಮಜ್ಜ ಇಲ್ಲಿ ರಿವರ್ಸ್ ಹಾಕಿದ್ದನ್ನ ನಾನು ನೋಡ್ಲೇ ಇಲ್ಲ ಮಗ.” ಮೋರಿಯ ಭಯ ಇನ್ನೂ ಇಳಿಯದ ಅವನಿಗೆ ಅದು ತನ್ನ ಕೈಚಳಕದ ಮೇಲಿನ ಮಾತಾಗಿ ಕೇಳಿಸಿತು. ಹೂಂಗುಟ್ಟಿ ಮುಂದೆ ಹೋದ. ಮುಂದಿನ ನಾಲ್ಕು ತಿಂಗಳು ಅವನು ಹುಡುಕಲಿದ್ದ ಉತ್ತರದ ಅರ್ಧ ಭಾಗ ಆ ಒಂದೇ ಮಾತಿನಲ್ಲಿತ್ತು.

ಜೀಪು ಅಜ್ಜನದು. ಎತ್ತರದ ಬಾನೆಟ್ಟಿನ ಮಹೀಂದ್ರ ಸಿಜೆ-3ಬಿ. ಅಮೆರಿಕದ ಟೊಲಿಡೊ ಊರಿನ ವಿಲ್ಲೀಸ್ ಕಾರ್ಖಾನೆ 1953ರಲ್ಲಿ ಹೊರತಂದ ಮಾದರಿ ಅದು. ಯುದ್ಧಕಾಲದ ಜೀಪಿನ ಎಂಜಿನ್ನಿಗಿಂತ ಎತ್ತರವಾಗಿದ್ದ ಹರಿಕೇನ್ ಎಂಜಿನ್ನನ್ನು ಒಳಗೆ ಕೂರಿಸಲು ಬಾನೆಟ್ಟನ್ನೇ ಮೇಲೆತ್ತಿದ್ದರಿಂದ ಅದರ ಮುಖಕ್ಕೆ ಆ ಉದ್ದ ಬಂದಿತ್ತು. ಅಮೆರಿಕದಲ್ಲಿ 1968ಕ್ಕೆ ಅದರ ಕಾಲ ಮುಗಿಯಿತು. ಮಹೀಂದ್ರ ಕಂಪನಿ ಆಮೇಲೂ ಬಹಳ ವರ್ಷ ಅದನ್ನು ತಯಾರಿಸಿತು. ಮಲೆನಾಡಿನ ತೋಟಗಳಲ್ಲಿ ಗೊಬ್ಬರದ ಮೂಟೆ, ಕಾಫಿ ಚೀಲ, ಹೆರಿಗೆಯ ಹೆಣ್ಣುಮಗಳು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಆ ಜೀಪುಗಳೇ. ಅಜ್ಜ ತೀರಿಕೊಂಡ ಮೇಲೆ ಈ ಜೀಪು ಒಂದಷ್ಟು ವರ್ಷ ಕೈಯಿಂದ ಕೈಗೆ, ಒಂದು ವರ್ಕ್‌ಶಾಪಿನಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಮೊಮ್ಮಗನ ಪಾಲಿಗೆ ಬಂದಿತ್ತು.

ಮರುದಿನ ಅವನು ಕಾಯಿಲೆಯನ್ನು ಅಳೆದ. ಗಾಲಿಗಳನ್ನು ನೇರಕ್ಕೆ ನಿಲ್ಲಿಸಿ ಸ್ಟೀರಿಂಗನ್ನು ಅತ್ತಿತ್ತ ಆಡಿಸಿದರೆ, ನಾಲ್ಕು ಬೆರಳು ಅಗಲದಷ್ಟು ದೂರ ಅದು ಯಾವುದಕ್ಕೂ ತಾಗದೆ ಸುಮ್ಮನೆ ತಿರುಗುತ್ತಿತ್ತು. ಗ್ಯಾರೇಜಿನ ಮಾತಿನಲ್ಲಿ ನಾಲ್ಕು ಬೆರಳಿನ ಪ್ಲೇ. ಪೇಟೆಯ ಮೆಕ್ಯಾನಿಕ್ ಒಬ್ಬರು ನೋಡಿ, “ಹಳೇ ಗಾಡಿ ಗೌಡ್ರೆ, ಇಷ್ಟು ಇರೋದೇ. ಅಂದಾಜು ಇಟ್ಕೊಂಡು ಓಡಿಸ್ಬೇಕು” ಅಂದರು. ಇನ್ನೊಬ್ಬರು ಇದನ್ನೆಲ್ಲ ಕಿತ್ತು ಹಾಕಿ ಪವರ್ ಸ್ಟೀರಿಂಗ್ ಕೂರಿಸೋಣ ಅಂದರು. ಎರಡೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಅಂದಾಜಿನ ಮೇಲೆ ಓಡಿಸಿದ್ದರ ಫಲವನ್ನು ಮೋರಿಯ ಕಟ್ಟೆ ತೋರಿಸಿಯಾಗಿತ್ತು. ಕಿತ್ತು ಹಾಕಿದರೆ ಅಜ್ಜನ ಜೀಪು ಅಜ್ಜನ ಜೀಪಾಗಿ ಉಳಿಯುತ್ತಿರಲಿಲ್ಲ. ತಾನೇ ಬಿಚ್ಚಿ ನೋಡುವುದೆಂದು ತೀರ್ಮಾನಿಸಿದ.

ಮೊದಲ ಅನುಮಾನ ಕೀಲುಗಳ ಮೇಲೆ ಬಿತ್ತು. ಈ ಜೀಪಿನಲ್ಲಿ ಕೈಯ ತಿರುವು ಗಾಲಿಗೆ ಮುಟ್ಟುವ ದಾರಿ ದೊಡ್ಡದು. ಸ್ಟೀರಿಂಗಿನಿಂದ ಬಾಕ್ಸಿಗೆ, ಬಾಕ್ಸಿನಿಂದ ಡ್ರಾಪ್ ಆರ್ಮಿಗೆ, ಅಲ್ಲಿಂದ ಡ್ರ್ಯಾಗ್ ಲಿಂಕಿನ ಮೂಲಕ ಮುಂದಿನ ಆಕ್ಸಲ್ಲಿನ ಮೇಲಿರುವ ಬೆಲ್ ಕ್ರ್ಯಾಂಕಿಗೆ, ಅಲ್ಲಿಂದ ಎರಡು ಟೈ ರಾಡುಗಳಿಗೆ, ಕೊನೆಗೆ ಗಾಲಿಗೆ. ದಾರಿಯಲ್ಲಿ ಎಲ್ಲಿ ಸವೆದರೂ ಪ್ಲೇ ಹುಟ್ಟುತ್ತದೆ. ಬೆಲ್ ಕ್ರ್ಯಾಂಕಿನ ಪಿನ್ನು ಬಿಚ್ಚಿದಾಗ ಅದು ನಡುವೆ ಸವೆದು ಸೊಂಟ ಸಣ್ಣಗಾಗಿತ್ತು. ಸಿಕ್ಕಿಬಿತ್ತು ಎಂದು ಅವನು ಸಂಭ್ರಮಪಟ್ಟ. ಹೊಸ ಪಿನ್ನು, ಹೊಸ ಬೇರಿಂಗು, ಹೊಸ ಬಾಲ್ ಜಾಯಿಂಟುಗಳನ್ನು ಹಾಕಿ ಸ್ಟೀರಿಂಗ್ ಆಡಿಸಿದ. ನಾಲ್ಕು ಬೆರಳು ಮೂರೂವರೆಯಾಗಿತ್ತು, ಅಷ್ಟೇ.

ಆಗ ತೋಟದ ರೈಟರನ್ನು ಸೀಟಿನಲ್ಲಿ ಕೂರಿಸಿ ತಾನು ಚೀಲ ಹಾಸಿಕೊಂಡು ಜೀಪಿನಡಿಗೆ ತೂರಿದ. ರೈಟರು ಸ್ಟೀರಿಂಗನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತಿದ್ದರು. ಅವನು ಡ್ರಾಪ್ ಆರ್ಮಿನ ಮೇಲೆ ಅಂಗೈ ಇಟ್ಟು ಮಲಗಿದ್ದ. “ಆಡಿಸ್ತಾ ಇದೀರಾ ರೈಟ್ರೆ?” ಎಂದು ಕೇಳಿದ. “ಆಗ್ಲಿಂದ ಆಡಿಸ್ತಾನೇ ಇದೀನಿ ಸಣ್ಣ ಗೌಡ್ರೆ.” ಅಂಗೈಗೆ ಏನೂ ತಿಳಿಯುತ್ತಿರಲಿಲ್ಲ. ಮೇಲೆ ಸ್ಟೀರಿಂಗ್ ತಿರುಗುತ್ತಿತ್ತು, ಕೆಳಗೆ ಆರ್ಮು ಕದಲುತ್ತಿರಲಿಲ್ಲ. ಎರಡರ ನಡುವೆ ಇದ್ದದ್ದು ಒಂದೇ ಒಂದು ವಸ್ತು: ಚಾಸಿಗೆ ಬಿಗಿದಿದ್ದ, ಎಣ್ಣೆ ಧೂಳು ಮೆತ್ತಿ ಕರಿಗಟ್ಟಿದ್ದ ಸ್ಟೀರಿಂಗ್ ಬಾಕ್ಸು.

ಬಾಕ್ಸಿನ ಪಕ್ಕದ ಮುಚ್ಚಳದಲ್ಲಿ ಒಂದು ಅಡ್ಜಸ್ಟಿಂಗ್ ಸ್ಕ್ರೂ ಇತ್ತು. ಲಾಕ್ ನಟ್ಟು ಸಡಿಲಿಸಿ ಆ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ಪ್ಲೇ ಕಡಿಮೆಯಾಗುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಅವನು ತಿರುಗಿಸಿದ. ಪ್ಲೇ ಎರಡು ಬೆರಳಿಗೆ ಇಳಿಯಿತು. ಇನ್ನಷ್ಟು ತಿರುಗಿಸಿದ. ಒಂದೂವರೆ. ಖುಷಿಯಿಂದ ರಸ್ತೆಗೆ ತಂದ. ಮೊದಲ ಬಲ ತಿರುವಿನಲ್ಲಿ ಸ್ಟೀರಿಂಗು ಕಲ್ಲಿನ ಹಾಗೆ ಗಟ್ಟಿಯಾಗಿ, ಎರಡು ಕೈ ಹಾಕಿ ಎಳೆದ ಮೇಲೆ ಜರುಗಿತು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳಬೇಕಾದದ್ದು ಮರಳಲಿಲ್ಲ. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡುವಷ್ಟರಲ್ಲಿ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮನೆಗೆ ಬಂದು ಸ್ಕ್ರೂವನ್ನು ಮೊದಲಿದ್ದಲ್ಲಿಗೇ ತಂದ. ಹೀಗೆ ಒಗಟು ಹುಟ್ಟಿಕೊಂಡಿತು. ನೇರ ಹೋಗುವಾಗ ಸಡಿಲ, ತುಸು ಬಲಕ್ಕೆ ತಿರುಗಿಸಿದರೆ ಬಿಗಿ. ಒಂದೇ ಬಾಕ್ಸಿನಲ್ಲಿ ಇವೆರಡೂ ಹೇಗೆ ಇರಲು ಸಾಧ್ಯ?

ಬಾಕ್ಸನ್ನು ಹೊರಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ಅದಕ್ಕೆ ಮೊದಲು ಡ್ರಾಪ್ ಆರ್ಮು ಕಳಚಬೇಕು. ಶಾಫ್ಟಿನ ತುದಿಯಲ್ಲೂ ಆರ್ಮಿನ ತೂತಿನೊಳಗೂ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಒಂದರೊಳಗೊಂದು ಕಚ್ಚಿ ಕೂತಿರುತ್ತವೆ. ಬಿಚ್ಚುವ ಮೊದಲು ಅವನು ಜಾಣತನದ ಕೆಲಸವೊಂದನ್ನು ಮಾಡಿದ. ಶಾಫ್ಟಿಗೂ ಆರ್ಮಿಗೂ ಸೇರುವಂತೆ ಉಳಿಯಿಂದ ಒಂದು ಗೆರೆ ಹೊಡೆದ. ಮತ್ತೆ ಜೋಡಿಸುವಾಗ ಹಲ್ಲು ಆಚೀಚೆ ಆಗಬಾರದಲ್ಲ. ಗೆರೆ ಹೊಡೆಯುವಾಗ ಆರ್ಮಿನ ಮೈಮೇಲೆ ಹಳೆಯ ಸುತ್ತಿಗೆ ಪೆಟ್ಟಿನ ಗುಳಿಗಳು ಕಂಡವು. ಯಾರೋ ಎಂದೋ ಇದನ್ನು ಬಡಿದು ಬಿಚ್ಚಿದ್ದರು. ಅದನ್ನೂ ಅವನು ನೋಡಿದ, ಅದರ ಬಗ್ಗೆಯೂ ಯೋಚಿಸಲಿಲ್ಲ.

ಆರ್ಮು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಸುರಿದ, ಬ್ಲೋ ಲ್ಯಾಂಪಿನಿಂದ ಕಾಯಿಸಿದ, ಪುಲ್ಲರ್ ಹಾಕಿ ಬಿಗಿದ. ಮೊದಲ ಪುಲ್ಲರಿನ ಕಾಲು ಮುರಿದು ಅವನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಎರಡನೆಯದನ್ನು ಮೂಡಿಗೆರೆಯ ಲೇತ್ ಸಾಬರಿಂದ ಎರವಲು ತಂದ. ಮೂರು ದಿನ ಕಳೆಯಿತು. ನಾಲ್ಕನೆಯ ರಾತ್ರಿ ಸೋತು, ಪುಲ್ಲರನ್ನು ಬಿಗಿದ ಸ್ಥಿತಿಯಲ್ಲೇ ಬಿಟ್ಟು ಮಲಗಲು ಹೋದ. ಬೆಳಗಿನ ಜಾವ ಮಳೆಯ ಸದ್ದಿನ ನಡುವೆ ಶೆಡ್ಡಿನಿಂದ ‘ಟಣ್’ ಎಂಬ ಒಂದೇ ಸದ್ದು ಬಂತು. ಟಾರ್ಚು ಹಿಡಿದು ಓಡಿದ. ಆರ್ಮು, ಪುಲ್ಲರು ಎರಡೂ ನೆಲದ ಮೇಲೆ ಬಿದ್ದಿದ್ದವು. ಎಷ್ಟು ಬಡಿದರೂ ಬಿಡದ ಕಬ್ಬಿಣ, ಇಡೀ ರಾತ್ರಿ ಬಿಡದೆ ಎಳೆದ ಬಿಗಿತಕ್ಕೆ ಕೊನೆಗೂ ಸೋತಿತ್ತು.

ಸ್ಟೀರಿಂಗ್ ಕಳಚಿ, ಕಾಲಡಿಯ ತಗಡು ಬಿಚ್ಚಿ, ಉದ್ದನೆಯ ದಂಡದ ಸಮೇತ ಬಾಕ್ಸನ್ನು ಹೊರತಂದು ಬೆಂಚಿನ ಮೇಲಿಟ್ಟ. ಮೇಲಿನ ಮುಚ್ಚಳದಡಿ ಕಾಗದದಷ್ಟು ತೆಳ್ಳಗಿನ ಶಿಮ್ಮುಗಳಿದ್ದವು. ಇದ್ದ ಕ್ರಮದಲ್ಲೇ ಅವನ್ನು ತಂತಿಗೆ ಪೋಣಿಸಿಟ್ಟ. ಆದರೆ ದಂಡವನ್ನು ಎಳೆಯುವಾಗ ಬೇರಿಂಗಿನ ಬಿಡಿ ಗುಂಡುಗಳು ಉದುರಿ, ಬೆಂಚಿನಿಂದ ಪುಟಿದು ಶೆಡ್ಡಿನ ನೆಲದ ತುಂಬ ಉರುಳಿದವು. ಹಳೆಯ ರೇಡಿಯೊದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಅದನ್ನು ದಾರಕ್ಕೆ ಕಟ್ಟಿ, ನೆಲದ ಬಿರುಕು ಬಿರುಕಿನಲ್ಲೂ ಇಳಿಬಿಟ್ಟು ರಾತ್ರಿ ಹನ್ನೊಂದರವರೆಗೆ ಗುಂಡು ಹೆಕ್ಕಿದ. ಸಿಕ್ಕ ಗುಂಡುಗಳನ್ನು ತೊಳೆದು ಬೆಳಕಿಗೆ ಹಿಡಿದಾಗ ಒಂದೊಂದರ ಮೇಲೂ ಸಿಡುಬಿನ ಕಲೆಯ ಹಾಗೆ ಚುಕ್ಕೆಗಳಿದ್ದವು. ಅಷ್ಟು ಹುಡುಕಿದ್ದು ಎಸೆಯಬೇಕಾದ ಗುಂಡುಗಳನ್ನು.

ಬಾಕ್ಸಿನೊಳಗೆ ಎಣ್ಣೆ ಇರಬೇಕಾದ ಕಡೆ ಗ್ರೀಸು ತುಂಬಿತ್ತು. ಸೀಲು ಸೋರುತ್ತಿದ್ದುದಕ್ಕೆ ಯಾರೋ ಕಂಡುಕೊಂಡ ಸುಲಭದ ಉಪಾಯ ಅದು. ಗೇರ್ ಆಯಿಲ್ ಆದರೆ ಹರಿದು ಬಂದು ತಿಕ್ಕಾಟದ ಜಾಗವನ್ನು ಮತ್ತೆ ಮತ್ತೆ ತೋಯಿಸುತ್ತದೆ. ಗ್ರೀಸು ಹಾಗಲ್ಲ, ಒಮ್ಮೆ ಸರಿಸಿದರೆ ಸರಿದಲ್ಲೇ ನಿಲ್ಲುತ್ತದೆ. ಮೂಲೆಗಳಲ್ಲಿ ಅದು ಕರಿ ಬೆಲ್ಲದ ಮುದ್ದೆಯಂತೆ ಗಟ್ಟಿಯಾಗಿತ್ತು. ಲೋಹಕ್ಕೆ ಲೋಹ ಉಜ್ಜುವ ಕಡೆ ಮಾತ್ರ ಹನಿಯಷ್ಟೂ ಇರಲಿಲ್ಲ.

ಒರೆಸಿದ ಮೇಲೆ ಕಂಡ ಯಂತ್ರ ಅವನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಸ್ಟೀರಿಂಗ್ ದಂಡದ ಕೆಳತುದಿಯಲ್ಲಿ ದಪ್ಪ ಸ್ಕ್ರೂವಿನಂಥ ಕ್ಯಾಮ್. ಅದರ ಮೈಮೇಲೆ ಸುರುಳಿಯಾಗಿ ಕೊರೆದ ಒಂದು ಜಾಡು. ಅಡ್ಡಲಾಗಿ ಬರುವ ಶಾಫ್ಟಿನ ಹಸ್ತದಲ್ಲಿ ಎರಡು ಪಿನ್ನು. ಬುಗುರಿಯ ಮೊನೆಯಂತೆ ತುದಿಗೆ ಕಿರಿದಾದವು. ಆ ಮೊನೆಗಳು ಜಾಡಿನೊಳಗೆ ಕೂತಿರುತ್ತವೆ. ಕ್ಯಾಮ್ ತಿರುಗಿದರೆ ಪಿನ್ನುಗಳು ಜಾಡು ಹಿಡಿದು ಸರಿಯುತ್ತವೆ, ಶಾಫ್ಟು ಹೊರಳುತ್ತದೆ, ಆರ್ಮು ಹಿಂದೆ ಮುಂದೆ ತೂಗುತ್ತದೆ. ಪಕ್ಕದ ಸ್ಕ್ರೂ ಮಾಡುವ ಕೆಲಸ ಒಂದೇ, ಆ ಪಿನ್ನುಗಳನ್ನು ಜಾಡಿನ ಆಳಕ್ಕೆ ಒತ್ತುವುದು.

ಇದು ರಾಸ್ ಬಾಕ್ಸು. ಅಮೆರಿಕದ ಇಂಡಿಯಾನಾ ಪ್ರಾಂತ್ಯದಲ್ಲಿ 1871ರಲ್ಲಿ ಹುಟ್ಟಿದ ರೈತನ ಮಗ ಡೇವಿಡ್ ರಾಸ್, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1893ರಲ್ಲಿ ಓದು ಮುಗಿಸಿ, 1906ರಲ್ಲಿ ಲಫಾಯೆಟ್ ಊರಿನಲ್ಲಿ ರಾಸ್ ಗೇರ್ ಅಂಡ್ ಟೂಲ್ ಕಂಪನಿಯನ್ನು ಕಟ್ಟಿದರು. ಗಾಲಿಗೆ ಬಡಿದ ಗುಂಡಿಯ ಏಟು ನೇರ ಚಾಲಕನ ಮಣಿಕಟ್ಟಿಗೆ ಬರುತ್ತಿದ್ದ ಕಾಲ ಅದು. ಕೈಯ ಮಾತು ಗಾಲಿಗೆ ಸಲೀಸಾಗಿ ಮುಟ್ಟಬೇಕು, ಗಾಲಿಯ ಏಟು ಕೈಗೆ ಮುಟ್ಟಬಾರದು ಎಂಬ ಕಠಿಣ ಬೇಡಿಕೆಯನ್ನು ಪೂರೈಸುವುದೇ ಅಂಥ ಕಾರ್ಖಾನೆಗಳ ಕಸುಬಾಗಿತ್ತು. ಎರಡನೆಯ ಮಹಾಯುದ್ಧದ ಜೀಪುಗಳು ರಾಸ್ ಬಾಕ್ಸನ್ನೇ ಹೊತ್ತು ಓಡಿದವು. ಅದರ ವಿನ್ಯಾಸ ಜೀಪಿನ ಜೊತೆಗೇ ಮಲೆನಾಡಿನ ಮಣ್ಣುರಸ್ತೆಗೂ ಇಳಿದುಬಂತು. ರಾಸ್ 1943ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ತಾವು ಓದಿದ ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ.

ಬೆಂಚಿನ ಮೇಲಿದ್ದ ಬಾಕ್ಸಿನಲ್ಲಿ ಸವೆತಕ್ಕೆ ಕೊರತೆ ಇರಲಿಲ್ಲ. ಪಿನ್ನುಗಳ ಮೊನೆ ಒಂದೊಂದು ಪಕ್ಕದಲ್ಲಿ ಚಪ್ಪಟೆಯಾಗಿತ್ತು. ಶಾಫ್ಟಿನ ಬುಷ್ಷು ಎಷ್ಟು ಸವೆದಿತ್ತೆಂದರೆ ಬೆರಳಿನಿಂದ ಅಲುಗಿಸಿದರೂ ಶಾಫ್ಟು ಕುಣಿಯುತ್ತಿತ್ತು. ಅಪರಾಧಿಗಳೆಲ್ಲ ಸಾಲಾಗಿ ಸಿಕ್ಕಿಬಿದ್ದ ಹಾಗಾಯಿತು. ಅವನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮಧ್ಯಾಹ್ನದವರೆಗೆ ಅಲೆದು ಪಿನ್ನಿನ ಸಮೇತ ಹೊಸ ಶಾಫ್ಟು, ಬುಷ್ಷು, ಗುಂಡು, ಅವು ಕೂರುವ ಬಟ್ಟಲು, ಸೀಲು ಎಲ್ಲವನ್ನೂ ಹೊಂದಿಸಿದ. ಕ್ಯಾಮ್ ಮಾತ್ರ ಎಲ್ಲೂ ಸಿಗಲಿಲ್ಲ. ಒಂದು ಅಂಗಡಿಯ ಹಿಂಬದಿಯ ಕಪಾಟಿನಲ್ಲಿ ವಿಲ್ಲೀಸ್ ಸರ್ವಿಸ್ ಕೈಪಿಡಿಯ ಜೆರಾಕ್ಸ್ ಪ್ರತಿ ಇತ್ತು. ಅದನ್ನೂ ಕೊಂಡು ತಂದ.

ಮೂಡಿಗೆರೆಯ ಲೇತ್ ಸಾಬರು ಹಳೆಯ ಬುಷ್ಷು ತೆಗೆದು ಹೊಸದನ್ನು ಒತ್ತಿ, ಕೂದಲೆಳೆ ಕೂದಲೆಳೆಯಾಗಿ ರೀಮರ್ ಆಡಿಸಿದರು. ಶಾಫ್ಟು ತನ್ನ ತೂಕಕ್ಕೇ ಮೆಲ್ಲಗೆ ಇಳಿಯಬೇಕು, ಆದರೆ ಅಲುಗಬಾರದು. ಅಲ್ಲಿಯವರೆಗೆ ಅವರು ಬಿಡಲಿಲ್ಲ. ಸ್ಟೀರಿಂಗ್ ದಂಡ ಬಾಗಿರಬಹುದೆಂಬ ಅವನ ಅನುಮಾನಕ್ಕೆ ಅದನ್ನು ಲೇತಿಗೆ ಕಟ್ಟಿ ತಿರುಗಿಸಿ ತೋರಿಸಿದರು. “ನೆಟ್ಟಗಿದೆ ಗೌಡ್ರೆ, ದಾರ ಹಿಡಿದ ಹಾಗಿದೆ. ಬಿಗಿ ಬರ್ತಿರೋದು ಇದ್ರಿಂದ ಅಲ್ಲ.” ಕ್ಯಾಮನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದೂ ಕೆಟ್ಟಿಲ್ಲ” ಎಂದರು.

ಸೆಪ್ಟೆಂಬರಿನ ಬಿಸಿಲು ಕಂಡ ಮೊದಲ ಭಾನುವಾರ ಎಲ್ಲವೂ ಜೋಡಣೆಯಾಯಿತು. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಮಾಡಿದ. ಮೊದಲು ಶಿಮ್ಮು ತೆಗೆದು ಹಾಕಿ, ದಂಡದ ಮೇಲೆ ಕೆಳಗಿನ ಆಟ ಪೂರ್ತಿ ಹೋಗುವಂತೆ ಹೊಂದಿಸಿದ. ಆಮೇಲೆ ಉಳಿಯ ಗೆರೆಗೆ ಗೆರೆ ಕೂಡಿಸಿ ಆರ್ಮು ಹಾಕಿದ. ಗಾಲಿಗಳನ್ನು ನೇರ ನಿಲ್ಲಿಸಿ ಪಕ್ಕದ ಸ್ಕ್ರೂ ಬಿಗಿದ. ಗೇರ್ ಆಯಿಲ್ ತುಂಬಿದ. ಸ್ಟೀರಿಂಗಿಗೆ ಕೈಯಿಟ್ಟ. ನೇರದಲ್ಲಿ ಪ್ಲೇ ಹೋಗಬೇಕೆಂದು ಸ್ಕ್ರೂ ಬಿಗಿದಷ್ಟೂ ಬಲಕ್ಕೆ ತಿರುಗಿಸಿದಾಗ ಅದೇ ಕಲ್ಲಿನ ಬಿಗಿತ. ಬಿಗಿತ ಹೋಗುವಷ್ಟು ಸಡಿಲಿಸಿದರೆ ನೇರದಲ್ಲಿ ಮೂರು ಬೆರಳಿನ ಪ್ಲೇ. ಎಲ್ಲವೂ ಹೊಸದು, ಕಾಯಿಲೆ ಮಾತ್ರ ಹಳೆಯದೇ. ಅವನು ಸ್ಪ್ಯಾನರನ್ನು ನೆಲಕ್ಕಿಟ್ಟು, ಮೆಟ್ಟಿಲ ಮೇಲೆ ಕೂತು, ಕತ್ತಲಾಗುವವರೆಗೆ ಏಳಲಿಲ್ಲ.

ತಿಂಗಳೆರಡು ಕಳೆದರೆ ಕಾಫಿ ಕುಯ್ಲು. ಜೀಪಿಲ್ಲದೆ ಆಗುವುದಿಲ್ಲ. ರೈಟರು ಬಾಡಿಗೆ ಪಿಕಪ್ಪಿನ ಮಾತೆತ್ತಿದರು. ಅವನು ಬಾಕ್ಸನ್ನು ಮತ್ತೊಮ್ಮೆ ಬಿಚ್ಚಿ ಬೆಂಚಿಗೆ ತಂದ. ಉಳಿದದ್ದು ಕ್ಯಾಮ್ ಒಂದೇ, ದೋಷ ಅದರಲ್ಲೇ ಇರಬೇಕು. ಭೂತಗನ್ನಡಿ ಹಿಡಿದು ಜಾಡಿನ ಉದ್ದಕ್ಕೂ ನೋಡಿದ. ಬಿರುಕಿಲ್ಲ, ಮುಳ್ಳಿಲ್ಲ, ಕಣ್ಣಿಗೆ ಬೀಳುವ ಗುಳಿಯಿಲ್ಲ. ವಾರಗಟ್ಟಲೆ ಅದು ಎಣ್ಣೆ ಸವರಿಕೊಂಡು ಬೆಂಚಿನ ಮೇಲೆ ಬಿದ್ದಿತ್ತು. ಹಾಗಿರುವಾಗಲೇ ಆಯುಧಪೂಜೆ ಬಂತು.

ಅಜ್ಜಿ ಶೆಡ್ಡಿಗೆ ಬಂದು ಹಾರೆ, ಗುದ್ದಲಿ, ಕತ್ತಿ, ಸ್ಪ್ಯಾನರು ಎಲ್ಲವನ್ನೂ ಸಾಲಾಗಿ ಇಡಿಸಿದರು. ಜೀಪಿನ ಬಾನೆಟ್ಟಿಗೆ ಸೇವಂತಿಗೆ ಮಾಲೆ ಬಿತ್ತು. ಬೆಂಚಿನ ಮೇಲಿದ್ದ ಬಾಕ್ಸನ್ನೂ ಅವರು ಬಿಡಲಿಲ್ಲ. “ಇಷ್ಟು ದಿನ ಇದ್ರ ಹಿಂದೇನೇ ಇದೀಯ, ಇದಕ್ಕೂ ಒಂದು ಬೊಟ್ಟು ಇರ್ಲಿ” ಎಂದು ಬಗ್ಗಿದಾಗ ಕೈ ತಾಗಿ ಕುಂಕುಮದ ಬಟ್ಟಲು ವಾಲಿತು. ಒಂದು ಹಿಡಿ ಕುಂಕುಮ ಕ್ಯಾಮಿನ ಮೇಲೆ ಸುರಿಯಿತು. ಪೂಜೆಯ ದಿನ ಅದನ್ನು ಒರೆಸುವುದು ಬೇಡವೆಂದು ಹಾಗೇ ಬಿಟ್ಟರು.

ಎರಡು ದಿನ ಬಿಟ್ಟು ಅವನು ಮೇಲಿನ ಪುಡಿಯನ್ನು ಕೊಡವಿ, ಜಾಡಿನೊಳಗೆ ಎಣ್ಣೆಗೆ ಹತ್ತಿ ಕೂತದ್ದನ್ನು ಆಮೇಲೆ ತೊಳೆದರಾಯಿತೆಂದುಕೊಂಡು, ಇನ್ನೊಮ್ಮೆ ಕೈಗೆ ಏನು ತಿಳಿಯುತ್ತದೋ ನೋಡೋಣವೆಂದು ಬಾಕ್ಸನ್ನು ಜೋಡಿಸಿದ. ಸ್ಕ್ರೂವನ್ನು ಹಗುರವಾಗಿ ತಾಗುವಷ್ಟೇ ಬಿಗಿದು, ದಂಡವನ್ನು ಈ ತುದಿಯಿಂದ ಆ ತುದಿಯವರೆಗೆ ಹತ್ತಾರು ಸಲ ತಿರುಗಿಸಿದ. ಆಮೇಲೆ ತೊಳೆಯಲೆಂದು ಶಾಫ್ಟು ಎಳೆದ. ಪಿನ್ನುಗಳ ಮೊನೆ ಕೆಂಪಾಗಿತ್ತು. ಕ್ಯಾಮಿನತ್ತ ನೋಡಿದವನ ಕೈ ನಿಂತಿತು.

ಜಾಡಿನ ಎರಡೂ ಕೊನೆಗಳಲ್ಲಿ ಕುಂಕುಮ ಬಹುತೇಕ ಕದಡದೆ ಉಳಿದಿತ್ತು. ನಡುವೆ ಒಂದು ಚಿಕ್ಕ ಪಟ್ಟಿಯಲ್ಲಿ ಮಾತ್ರ ಪೂರ್ತಿ ಉಜ್ಜಿಹೋಗಿ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಪಿನ್ನು ಜಾಡಿನ ಗೋಡೆಗೆ ಒತ್ತಿ ಸಾಗಿದ್ದು ಅಲ್ಲಿ ಮಾತ್ರ. ಅವನು ಬಾಗಿಲು ಹಾಕಿಕೊಂಡ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಇಡೀ ಜಾಡಿಗೆ ತೆಳ್ಳಗೆ ಬಳಿದ. ಮತ್ತೆ ಜೋಡಿಸಿದ, ತಿರುಗಿಸಿದ, ಬಿಚ್ಚಿದ. ಅದೇ ಪಟ್ಟಿ. ಮೂರನೆಯ ಸಲವೂ ಅದೇ ಪಟ್ಟಿ. ಅಳೆದು ನೋಡಿದ. ಅದು ಜಾಡಿನ ಸರಿಯಾದ ನಟ್ಟನಡುವೆ ಇತ್ತು.

ಬಾಕ್ಸಿನ ಬಿಗಿತ ನಟ್ಟನಡುವೆ. ಜೀಪಿನ ಬಿಗಿತ ಬಲಕ್ಕೆ. ಎರಡೂ ನಿಜವಾಗಿರಬೇಕಾದರೆ, ಜೀಪು ನೇರ ಹೋಗುವಾಗ ಬಾಕ್ಸು ತನ್ನ ನಡುವಿನಲ್ಲಿ ಇರಲೇ ಇಲ್ಲ.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಕು ಹರಿಯುತ್ತಲೇ ಬಾಕ್ಸನ್ನು ಜೀಪಿಗೆ ಏರಿಸಿ, ಉಳಿಯ ಗೆರೆಗೆ ಗೆರೆ ಸೇರಿಸಿ ಆರ್ಮು ಹಾಕಿದ. ಟೈರುಗಳ ಪಕ್ಕಕ್ಕೆ ನೂಲು ಹಿಡಿದು ಗಾಲಿಗಳನ್ನು ನೇರಕ್ಕೆ ತಂದ. ಸ್ಟೀರಿಂಗಿನ ಮೇಲ್ತುದಿಗೆ ಗುರುತಿಗೊಂದು ಬಾಳೆನಾರು ಕಟ್ಟಿದ. ಡ್ರ್ಯಾಗ್ ಲಿಂಕ್ ಕಳಚಿ, ಸ್ಟೀರಿಂಗನ್ನು ಎಡಕ್ಕೆ ತಿರುಗಿಸುತ್ತ ಸುತ್ತು ಎಣಿಸಿದ. ಬಾಕ್ಸಿನ ಕೊನೆ ಬಂತು. ಮತ್ತೆ ಬಾಳೆನಾರಿನ ಗುರುತಿಗೇ ಮರಳಿ, ಅಲ್ಲಿಂದ ಬಲಕ್ಕೆ ಎಣಿಸಿದ. ಬಲಕ್ಕೆ ಹೋದದ್ದು ಎಡಕ್ಕಿಂತ ಅರ್ಧ ಸುತ್ತಿಗೂ ಹೆಚ್ಚು. ಎಡಕ್ಕೆ ಹೊರಳಲು ಬಾಕ್ಸಿನಲ್ಲಿ ಜಾಗವೇ ಸಾಲುತ್ತಿರಲಿಲ್ಲ.

ಅಜ್ಜಿಯ ಮಾತು ಆಗ ನೆನಪಾಯಿತು. ಎಡಕ್ಕೆ ಮಡಿಸುವ ಆ ತಿರುವಿನಲ್ಲಿ ಅಜ್ಜ ರಿವರ್ಸ್ ಹಾಕುತ್ತಿರಲಿಲ್ಲ, ಅವನು ಹಾಕಬೇಕಾಗಿತ್ತು. ಕೊರತೆ ಇದ್ದದ್ದು ಅವನ ಕೈಯಲ್ಲಿ ಅಲ್ಲ. ಆರ್ಮಿನ ಮೇಲಿನ ಸುತ್ತಿಗೆ ಗುಳಿಗಳು ಉಳಿದ ಕತೆ ಹೇಳಿದವು. ಎಂದೋ ಯಾವುದೋ ಕೈ ಅದನ್ನು ಬಡಿದು ಬಿಚ್ಚಿ, ಮತ್ತೆ ಕೂರಿಸುವಾಗ ಒಂದು ಹಲ್ಲು ಆಚೆ ಕೂರಿಸಿತ್ತು. ಸ್ಟೀರಿಂಗ್ ಸೊಟ್ಟ ಕಂಡಾಗ ಅದನ್ನೂ ಕಳಚಿ ನೆಟ್ಟಗೆ ತಿರುಗಿಸಿ ಹಾಕಿತ್ತು. ಅಲ್ಲಿಗೆ ತಪ್ಪು ಕಣ್ಣಿಗೆ ಕಾಣದಾಯಿತು. ಮೊಮ್ಮಗ ಅಷ್ಟು ಜೋಪಾನವಾಗಿ ಹೊಡೆದ ಉಳಿಯ ಗೆರೆ ಆ ಹಳೆಯ ತಪ್ಪನ್ನೇ ಕಾಪಾಡಿಕೊಂಡು ಬಂದಿತ್ತು.

ಈ ಸಲ ಆರ್ಮು ಸುಲಭವಾಗಿ ಕಳಚಿತು. ಬಾಕ್ಸನ್ನು ಎರಡೂ ಕೊನೆಗಳಿಂದ ಎಣಿಸಿ ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, ಆರ್ಮನ್ನು ಒಂದೇ ಒಂದು ಹಲ್ಲು ಈಚೆಗೆ ಸರಿಸಿ ಕೂರಿಸಿದ. ಗಾಲಿಗಳು ನೇರ ಇದ್ದಂತೆಯೇ ಡ್ರ್ಯಾಗ್ ಲಿಂಕು ಎಳೆದಾಟವಿಲ್ಲದೆ ಬಂದು ಕೂಡಿತು. ಸ್ಕ್ರೂವನ್ನು ಕೂದಲೆಳೆಯಷ್ಟು ಬಿಗಿದು, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಒಯ್ದ. ಸಡಿಲ, ಸಡಿಲ, ನಡುವೆ ಬೆರಳಿಗಷ್ಟೇ ತಿಳಿಯುವ ಸಣ್ಣ ಹಿಡಿತ, ಮತ್ತೆ ಸಡಿಲ. ಲಾಕ್ ನಟ್ಟು ಬಿಗಿದ. ಸ್ಟೀರಿಂಗನ್ನೂ ಕಳಚಿ ನೆಟ್ಟಗೆ ಕೂರಿಸಿ ಅಲುಗಿಸಿದ. ಪ್ಲೇ ಅರ್ಧ ಬೆರಳೂ ಇರಲಿಲ್ಲ.

ಆಮೇಲೆ ಜೆರಾಕ್ಸ್ ಕೈಪಿಡಿಯ ಆ ಪುಟವನ್ನು ಮತ್ತೆ ತೆರೆದ. ಹತ್ತು ಸಲ ಓದಿದ್ದ ಅರ್ಧ ಪ್ಯಾರಾ ಈಗ ಅರ್ಥವಾಯಿತು. ರಾಸ್ ಬಾಕ್ಸಿನ ಕ್ಯಾಮಿನಲ್ಲಿ ಜಾಡಿನ ಆಳ ಎಲ್ಲ ಕಡೆ ಒಂದೇ ಅಲ್ಲ. ನೇರ ಓಡುವಾಗ ಪಿನ್ನುಗಳಿರುವ ನಡುಭಾಗದಲ್ಲಿ ಅದನ್ನು ಬೇಕೆಂದೇ ತುಸು ಕಡಿಮೆ ಆಳಕ್ಕೆ ಕೊರೆದಿರುತ್ತಾರೆ. ಗಾಡಿ ಹೆಚ್ಚು ಹೊತ್ತು ಓಡುವುದು ನೇರವಾಗಿ, ಹಿಡಿತ ಬೇಕಾದದ್ದೂ ಅಲ್ಲಿ, ಸವೆಯುವುದೂ ಅಲ್ಲಿ. ಅಲ್ಲಿ ಸವೆದಾಗ ಸ್ಕ್ರೂ ಬಿಗಿದರೆ ಸಾಕು, ಆಳವಿರುವ ಉಳಿದ ಕಡೆ ಬಿಗಿತ ಬರುವುದಿಲ್ಲ. ಒಂದು ಹಲ್ಲಿನ ತಪ್ಪಿನಿಂದ ಈ ಜೀಪು ಆಳದ ಜಾಗದ ಮೇಲೆ ನೇರ ಓಡುತ್ತಿತ್ತು, ಹಾಗಾಗಿ ಹೊಸ ಪಿನ್ನು ಹಾಕಿದರೂ ಸಡಿಲ. ತಿರುವಿನಲ್ಲಿ ಆಳವಿಲ್ಲದ ನಡುಭಾಗಕ್ಕೆ ಬಂದಾಗ ಬಿಗಿ. ಸ್ಕ್ರೂ ಬಿಗಿಯುವ ಮೊದಲು ಬಾಕ್ಸಿನ ನಡುವನ್ನು ಸುತ್ತು ಎಣಿಸಿಯೇ ಕಂಡುಕೊಳ್ಳಬೇಕಿತ್ತು. ಗಾಲಿ ನೇರ ಇದ್ದರೆ ಬಾಕ್ಸೂ ನಡುವಿನಲ್ಲಿ ಇದೆಯೆಂದು ಅವನು ನಂಬಿಬಿಟ್ಟಿದ್ದ. ಒಳ್ಳೆಯದೂ ಒಂದು ಆಗಿತ್ತು. ಅಷ್ಟು ವರ್ಷಗಳ ನೇರ ಓಟದ ಸವೆತ ಬೇರೆ ಕಡೆ ಬಿದ್ದು, ರಾಸ್ ಬಾಕ್ಸಿನ ಆ ಅಸಲಿ ನಡುಭಾಗ ಹೆಚ್ಚುಕಡಿಮೆ ಹೊಸದಾಗಿಯೇ ಉಳಿದಿತ್ತು.

ಮುಂದಿನ ಸಂತೆಯ ದಿನ ಅಜ್ಜಿ ಮತ್ತೆ ಪಕ್ಕದಲ್ಲಿ ಕೂತರು. ಮೋರಿಯ ಬಳಿ ಜೀಪು ರಸ್ತೆಯ ನಡುವೆ ನೂಲು ಹಿಡಿದಂತೆ ಹೋಯಿತು. ಕಾಫಿ ಗಿಡಗಳಲ್ಲಿ ಹಣ್ಣು ಕೆಂಪಾಗತೊಡಗಿತ್ತು. ಎಡಕ್ಕೆ ಮಡಿಸುವ ತಿರುವು ಬಂದಾಗ ಅವನು ಸ್ಟೀರಿಂಗನ್ನು ಕೊನೆಯವರೆಗೂ ಎಳೆದ. ಮೊದಲು ನಿಂತುಬಿಡುತ್ತಿದ್ದ ಜಾಗವನ್ನು ದಾಟಿ ಅದು ಇನ್ನೂ ತಿರುಗಿತು. ಬಾನೆಟ್ಟಿನ ಉದ್ದ ಮುಖ ಬರೆಯನ್ನು ಸವರಿಕೊಂಡು ಸುತ್ತಿ ಗೇಟಿನತ್ತ ಹೊರಳಿತು. ರೂಢಿಯಂತೆ ರಿವರ್ಸ್ ಹಾಕಲು ಹೊರಟಿದ್ದ ಅವನ ಎಡಗೈ ಗೇರಿನ ಮೇಲೆ ಸುಮ್ಮನೆ ಕೂತಿತು. ಅಜ್ಜಿ ಆ ಕೈಯನ್ನು ನೋಡಿದರು, ಮಡಿಲ ಚೀಲವನ್ನು ಬಿಟ್ಟು ಸೀಟಿಗೆ ಒರಗಿಕೊಂಡರು.